ನೀಲಿ ಮುಚ್ಚಳದ ಟ್ಯಾಂಕಿಗೆ ಗದ್ದೆಯ ಯೂರಿಯಾ

ಯಳಂದೂರಿನಿಂದ ಹನೂರಿನ ಶಾಲೆಗೆ ಪಾಠ ಮಾಡಲು ನಾನು ದಿನವೂ ಒಂದೇ ಖಾಸಗಿ ಬಸ್ಸಿನಲ್ಲಿ ಹೋಗುತ್ತೇನೆ. ಡ್ರೈವರನ ಪಕ್ಕದ ಸೀಟು ನನ್ನದು. ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕು, ಏಕೆಂದರೆ ತಪ್ಪು ನನ್ನದು.

ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕಿದೆ. ಎಂಜಿನ್ನಿನ ಕಾವಿನಲ್ಲಿ ಗಾಳಿಯ ಸಾರಜನಕ, ಆಮ್ಲಜನಕ ಎರಡೂ ಕೂಡಿ ಎದೆ ಉರಿಸುವ ಅನಿಲಗಳಾಗುತ್ತವೆ. ಆ ಟ್ಯಾಂಕಿನ ಯೂರಿಯಾ ನೀರನ್ನು ಹೊಗೆ ಕೊಳವೆಯೊಳಗೆ ಸಿಂಪಡಿಸಿದರೆ ಅದು ಬಿಸಿಗೆ ಅಮೋನಿಯಾ ಆಗಿ, ಅವನ್ನು ಮತ್ತೆ ಬರೀ ಸಾರಜನಕ ಮತ್ತು ನೀರಾವಿಯಾಗಿಸುತ್ತದೆ. ಇಷ್ಟು ನನಗೆ ಗೊತ್ತಿತ್ತು.

ಒಂದು ಸಂಜೆ ಡ್ರೈವರ್ ಹೇಳಿದ: "ಸಾ, ಯೂರಿಯಾ ದೀಪ ಉರೀತಾ ಅದೆ. ಅಂಗ್ಡೀಲಿ ಯೂರಿಯಾ ನೀರಿನ ಕ್ಯಾನ್ ಇಲ್ವಂತೆ."

"ಯೂರಿಯಾ ತಾನೆ? ನಮ್ಮ ಮನೇಲೇ ಅದೆ."

ಗದ್ದೆಗೆ ತಂದಿದ್ದ ಮೂಟೆಯಿಂದ ತೆಗೆದು ಬೋರ್‌ವೆಲ್ ನೀರಿನಲ್ಲಿ ಕರಗಿಸಿದೆ. ಬಕೆಟ್ ತಣ್ಣಗಾಯಿತು; ಯೂರಿಯಾ ಕರಗುವಾಗ ನೀರಿನ ಶಾಖ ಹೀರುತ್ತದೆ, ಅದೂ ನನಗೆ ಗೊತ್ತಿತ್ತು. ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಬೆಳಿಗ್ಗೆ ಕ್ಯಾನಿನಲ್ಲಿ ತಂದುಕೊಟ್ಟೆ. ಡ್ರೈವರ್ ನಂಬಿ ಟ್ಯಾಂಕಿಗೆ ಹುಯ್ದ.

ಕೊಳ್ಳೇಗಾಲ ದಾಟಿ ಏರು ಸಿಕ್ಕಿದ್ದೇ ಬಸ್ಸು ಬಲ ಕಳೆದುಕೊಂಡಿತು. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಹಿಂದಿನ ಸೀಟಿನ ಹೆಂಗಸೊಬ್ಬಳು, "ಇಳ್ದು ನಡ್ಕಂಡ್ ಓದ್ರೆ ನಾವೇ ಮುಂದಾಯ್ತೀವಿ ಕಣ್ಲಾ" ಎಂದಳು. ಎಲ್ಲರೂ ನಕ್ಕರು. ಡ್ರೈವರ್ ನಗಲಿಲ್ಲ.

ಶಾಲೆ ಮುಗಿಸಿ ಕೊಳ್ಳೇಗಾಲದ ಗ್ಯಾರೇಜಿಗೆ ಹೋದೆ. ಬಸ್ಸನ್ನು ಅಲ್ಲಿಗೆ ತಂದಿದ್ದರು, ಡ್ರೈವರನ ಜೊತೆ ಬಸ್ಸಿನ ಮಾಲೀಕನೂ ಇದ್ದ. ಮೆಕ್ಯಾನಿಕ್ ಸಿಂಪಡಿಸುವ ನಾಜಲ್ ಬಿಚ್ಚಿ ತೋರಿಸಿದ. ಬಾಯಿಗೆ ಬಿಳಿ ಹರಳು ಕಟ್ಟಿ ಸಿಂಪಡಣೆ ನಿಂತಿತ್ತು; ಹಾಗಾದರೆ ಎಂಜಿನ್ ತಾನೇ ಬಲ ಕುಗ್ಗಿಸುತ್ತದಂತೆ. ಮೂಸಿ ನೋಡಿ, "ಬೇವಿನೆಣ್ಣೆ ವಾಸ್ನೆ. ಗದ್ದೆ ಯೂರಿಯಾ ಇದು" ಎಂದ. ಮೂಟೆಯ ಮೇಲೆ ಬೇವು ಲೇಪಿತ ಎಂದು ದೊಡ್ಡದಾಗಿ ಬರೆದದ್ದು ಆಗ ನೆನಪಾಯಿತು.

ಬಸ್ಸಿನ ಮಾಲೀಕ ಡ್ರೈವರನ ಕಡೆ ಕೈ ಚಾಚಿದ. "ಗೊಬ್ರ ಉಯ್ಯೋಕೆ ಇದೇನು ನಿಮ್ಮಪ್ಪನ್ ಗದ್ದೇನ್ಲಾ? ಕೀ ಮಡುಗ್ಬುಟ್ಟು ಓಗು. ನಾಳೆಯಿಂದ ಬರ್ಬ್ಯಾಡ."

ಡ್ರೈವರ್ ನನ್ನ ಹೆಸರೆತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಜೇಬಿನಿಂದ ಕೀ ತೆಗೆದು ಬೆಂಚಿನ ಮೇಲಿಟ್ಟ. ಹನ್ನೊಂದು ವರ್ಷ ಆ ಮಾಲೀಕನ ಬಸ್ಸು ಓಡಿಸಿದವನು. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕಲಸಿಕೊಟ್ಟವನು ನಾನು," ಎಂದೆ. "ಆಗುತ್ತೆ ಅಂತ ಹೇಳಿದ್ದೂ ನಾನೇ."

ಮಾಲೀಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಮೇಷ್ಟ್ರೇ, ನೀವು ಮಕ್ಕಳ್ಗೆ ಏನ್ ಪಾಠ ಏಳೋದು?"

"ವಿಜ್ಞಾನ."

ಮೆಕ್ಯಾನಿಕ್ ಮುಖ ತಿರುಗಿಸಿ ನಕ್ಕ. ಮಾಲೀಕನಿಗೂ ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಬೆಂಚಿನ ಮೇಲಿನ ಕೀಯನ್ನು ಡ್ರೈವರನ ಕಡೆ ನೂಕಿ, "ಬಸ್ಸು ರೆಡಿ ಆದೇಟ್ಗೆ ತಕಂಡು ಓಗ್ಲಾ. ಈ ವಯ್ಯ ಏಳಿದ್ದು ಮಾತ್ರ ಕೇಳ್ಬ್ಯಾಡ" ಎಂದ.

ಆ ಬಿಳಿ ಹರಳಿನ ಒಂದು ಚೂರು ಈಗ ನನ್ನ ತರಗತಿಯಲ್ಲಿದೆ. ಅದು ಹೇಗೆ ಬಂತೆಂದು ಪ್ರತಿ ವರ್ಷ ಮಕ್ಕಳಿಗೆ ಪೂರ್ತಿ ಹೇಳುತ್ತೇನೆ. ಯಳಂದೂರಿನ ನಿಲ್ದಾಣದಲ್ಲಿ ನಮ್ಮ ಬಸ್ಸಿನ ಹಿಂದೆ ನಿಂತರೆ ಯೂರಿಯಾ ಟ್ಯಾಂಕಿಲ್ಲದ ಹಳೆಯ ಬಸ್ಸುಗಳ ಹಿಂದೆ ನಿಂತ ಹಾಗೆ ಕಣ್ಣು ಉರಿಯುವುದಿಲ್ಲ.

ಸೀಲ್ ಇರುವ ಹೊಸ ಕ್ಯಾನ್ ಬಂದಾಗಲೆಲ್ಲ ಡ್ರೈವರ್ ಅದನ್ನು ನನ್ನ ತೊಡೆಯ ಮೇಲಿಡುತ್ತಾನೆ.

"ಓದಿ ಸಾ. ನೀವು ಪೂರಾ ಓದಿದ್ ಮೇಲೇ ಉಯ್ಯೋದು."

ಕ್ಯಾನಿನ ಮೇಲೆ ಬರೆದದ್ದನ್ನು ನಾನು ಮೊದಲ ಅಕ್ಷರದಿಂದ ಓದುತ್ತೇನೆ.