ಮಕ್ಕಳ ಸಾಲಿನಲ್ಲಿ ಹೊನ್ನೂರಸಾಬ್

ಹಿರೇಹಡಗಲಿಯ ಯಾವ ಮನೆಯ ಗಾದಿಯಲ್ಲಿ ಎಷ್ಟು ಹತ್ತಿ ಇದೆ ಅಂತ ಯಾರು ಕೇಳಿದರೂ, ಹತ್ತಿ ಹಿಂಜುವ ಹೊನ್ನೂರಸಾಬ್ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಓದು ಬರಹ ಮಾತ್ರ ಸೊನ್ನೆ. ಇಂಥವನು ತೊಂಬತ್ತೇಳನೇ ಇಸವಿಯಲ್ಲಿ, ಅರವತ್ತೊಂದನೇ ವಯಸ್ಸಿಗೆ, ಮಸೀದಿಯ ಮಕ್ತಬ್‌ಗೆ ಹೋಗಿ ಕೂತ. ಬೆಳಗಿನ ನಮಾಜು ಮುಗಿದ ಮೇಲೆ ಮಕ್ಕಳಿಗೆ ಕುರಾನ್ ಓದಲು ಕಲಿಸುವ ಸಾಲೆ ಅದು. ಕೂತದ್ದೂ ಎಲ್ಲಿ, ಮೊಮ್ಮಗಳು ಮೌಲಾಬಿಯ ಪಕ್ಕದಲ್ಲಿ. ನಲವತ್ತು ವರ್ಷ ನಮಾಜಿನಲ್ಲಿ ನಿಂತು ಕೇಳಿದ್ದನ್ನು ಒಂದು ಸಲವಾದರೂ ತಾನೇ ಓದಬೇಕು ಎಂಬುದೊಂದೇ ಅವನ ಆಸೆ.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಇರಬೇಕಲ್ಲ, ಪುಣ್ಯಾತ್ಮ. ರಂಜಾನ್ ರಜೆಗೆ ಮೊದಲು ಮಕ್ತಬ್‌ನ ಮಕ್ಕಳು ಕಲಿತದ್ದನ್ನು ಓದಿ ತೋರಿಸುವ ಸಭೆ, ಜಲಸಾದಲ್ಲಿ ಜನರೆದುರು ಓದುತ್ತೇನೆ ಅಂತ, ಹತ್ತಿ ಹಿಂಜಲು ಹೋದ ಮನೆಯಲ್ಲೆಲ್ಲ ಡಂಗುರ ಹೊಡೆದ.

“ಲೇ ಹೊನ್ನೂರ, ನೀನು ಓದೋದೂ ಒಂದ, ನಮ್ಮೆತ್ತು ಹಾಡೋದೂ ಒಂದ,” ಎಂದ ಗೆಳೆಯ ಏಕಾಂತಪ್ಪ.

“ಬಂದು ನೋಡಲೇ,” ಎಂದ ಇವನು.

ಜಲಸಾಕ್ಕೆ ವಾರವಿದ್ದಾಗ ಸಿಕ್ಕಿಬಿದ್ದ. ಕಲಿಸುವ ಹಜರತ್ ಎದುರು ಒಂದು ಪುಟವನ್ನು ನೀರು ಕುಡಿದಂತೆ ಓದಿದ. ಮೌಲಾಬಿ ಬಗ್ಗಿ ನೋಡಿದಳು. “ಅಜ್ಜಾ, ಬಾಯಿ ಮ್ಯಾಲಿನ ಸಾಲಿನ್ಯಾಗ ಐತಿ, ಬೆರಳು ಕೆಳಗ ಹೋಗೈತಿ.”

ಕೇಳಿ ಕೇಳಿ ಬಾಯಿಪಾಠವಾದದ್ದನ್ನು ಒಪ್ಪಿಸುತ್ತಿದ್ದ, ಇನ್ನೇನು. ಮಕ್ಕಳು ಬಿದ್ದು ಬಿದ್ದು ನಕ್ಕವು. ಮಗನ ವಯಸ್ಸಿನ ಹಜರತ್ ನಗಲಿಲ್ಲ. “ಜಲಸಾದಾಗ ನಾನು ತೆಗೆದ ಪುಟಾನ ಓದಬೇಕ್ರಿ ಅಜ್ಜಾರ. ಮಾಫಿ ಇಲ್ಲ.”

ಮುದುಕನ ಜಂಭವೆಲ್ಲ ಇಳಿಯಿತು. ಆ ವಾರ ಯಾರ ಮನೆಯಲ್ಲೂ ಆ ಸುದ್ದಿ ಎತ್ತಲಿಲ್ಲ. ಮೌಲಾಬಿ ಹೇಳಿಕೊಡುವಳು, ಇವನು ಒಂದೊಂದೇ ಅಕ್ಷರ ಕೂಡಿಸುವನು. ತಪ್ಪಿದರೆ ಆ ಪೋರಿ ಹಜರತ್‌ಗಿಂತ ಜೋರಾಗಿ ಗದರುತ್ತಿದ್ದಳು.

ಜಲಸಾದ ದಿನ ಏಕಾಂತಪ್ಪ ಹೇಳಿದಂತೆಯೇ ಬಂದು ಮಸೀದಿ ಅಂಗಳದಲ್ಲಿ ಕೂತಿದ್ದ. ಹಜರತ್ ತೆಗೆದದ್ದು ಇವನು ಎಂದೂ ಬಾಯಿಪಾಠ ಮಾಡದ ಪುಟ. ಓದಲು ಕಟ್ಟೆ ಹತ್ತಿ ಕೂತಿದ್ದ ಹೊನ್ನೂರಸಾಬ್ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡ. ಕಟ್ಟೆಯಿಂದ ಇಳಿದು ಮನೆಗೆ ಓಡಿಬಿಡಲೇ ಅನ್ನಿಸಿತು. ಆದರೂ ಶುರು ಮಾಡಿದ. ಒಂದು ಅಕ್ಷರ, ಇನ್ನೊಂದು, ಎರಡೂ ಕೂಡಿಸಿ ಒಂದು ಶಬ್ದ. ಒಂದು ಕಡೆ ಎಡವಿ, ತಾನೇ ಹಿಂದೆ ಹೋಗಿ ಸರಿ ಮಾಡಿಕೊಂಡ. ಒಂದು ಸಾಲು ಮುಗಿಯುವಷ್ಟರಲ್ಲಿ ಜನರ ಚಹಾ ಆರಿ ತಣ್ಣಗಾಗಿತ್ತು. ಒಬ್ಬರೂ ಏಳಲಿಲ್ಲ. ಅರಬ್ಬಿಯ ಒಂದಕ್ಷರವೂ ಅರ್ಥವಾಗದ ಏಕಾಂತಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

“ಸಾಕ್ರಿ ಅಜ್ಜಾರ, ಗೆದ್ರಿ,” ಎಂದರು ಹಜರತ್.

ಹೊನ್ನೂರಸಾಬ್ ತಲೆ ಎತ್ತಲಿಲ್ಲ. “ತಡೀರಿ ಹಜರತ್, ಮುಂದಿನ ಸಾಲೂ ಓದಾಕ ಬರಾಕತ್ತೈತಿ ನನಗ.”