ಆ ಒಂದು ‘ಲಾ’

ರಾಮನಗರದಲ್ಲಿ ಬಸ್ಸಿಳಿದು ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಗೆ ತಿರುಗಿದರೆ ಬೆಂದ ರೇಷ್ಮೆಹುಳದ ವಾಸನೆ ಎದುರಾಗುತ್ತದೆ. ನೀವು ಹೊಸಬರಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಇವತ್ತು ಬೆಳಿಗ್ಗೆ ನಾನು ಅದನ್ನು ಎದೆತುಂಬ ಎಳೆದುಕೊಂಡು ನಿಂತೆ. ನವಾಜನ ಅಂಗಿಯಲ್ಲಿ ಸದಾ ಇರುತ್ತಿದ್ದ ವಾಸನೆ ಅದು. ಅವನ ಮನೆಯವರು ರೇಷ್ಮೆ ನೂಲು ತೆಗೆಯುವವರು. ನಾನೋ ಕಾಲೇಜು ಮುಗಿಸಿ, ನಿರ್ದೇಶಕನಾಗುವ ಹುಚ್ಚು ಹತ್ತಿಸಿಕೊಂಡಿದ್ದವನು. ನಾವಿಬ್ಬರೂ ಪ್ರೀತಿಸುತ್ತಿದ್ದೆವು. ಸುತ್ತಿ ಬಳಸಿ ಹೇಳುವ ವಯಸ್ಸು ಈಗ ನನ್ನದಲ್ಲ.

ಈ ಊರಿನಲ್ಲಿ ಇಬ್ಬರು ಗಂಡಸರು ಹೆಗಲ ಮೇಲೆ ಕೈ ಹಾಕಿಕೊಂಡು ಸ್ಟೇಷನ್ನಿನಿಂದ ಮೈಸೂರು ರಸ್ತೆಯವರೆಗೆ ನಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಊರೆಲ್ಲ ನಮ್ಮದೇ ಅಂದುಕೊಂಡಿದ್ದೆವು. ಆ ಧೈರ್ಯದಲ್ಲೇ ಫೋನಿನಲ್ಲಿ ಒಂದು ಪ್ರಯೋಗಾತ್ಮಕ ಚಿತ್ರ ಮಾಡಿದೆವು. ಮುಖಗಳೇ ಇಲ್ಲ, ಎಳೆದ ಶಟರುಗಳು, ರೈಲ್ವೆ ಮೇಲ್ಸೇತುವೆ, ಹರಿದ ಫ್ಲೆಕ್ಸಿನ ಗೋಡೆ, ಅವುಗಳ ಮೇಲೆ ಜೊತೆಯಾಗಿ ಸಾಗುವ ಎರಡು ನೆರಳು. ನನ್ನ ಕೈ ನಡುಗಿದ್ದನ್ನೂ ಶೈಲಿ ಎಂದು ಕರೆದುಕೊಂಡೆ.

ಇಡೀ ಚಿತ್ರಕ್ಕೆ ಕೊನೆಯಲ್ಲಿ ಒಂದೇ ಮಾತು, ನವಾಜನ ದನಿಯಲ್ಲಿ: “ನಂಗೆ ನೀನೇ ಬೇಕು ಕಣ್ಲಾ.”

ಯೋಚಿಸಿ ನೋಡಿ, ನಮ್ಮ ಭಾಷೆಯ ‘ನೀನು’ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಗುಟ್ಟು ಬಿಟ್ಟುಕೊಡುವುದು ಆ ‘ಲಾ’ ಒಂದೇ. ನಮ್ಮ ಕಡೆ ಹೆಂಗಸರನ್ನು ಯಾರೂ ಹಾಗೆ ಕರೆಯುವುದಿಲ್ಲ. ಕಾಲೇಜಿನ ಹಾಲಿನಲ್ಲಿ ಪ್ರದರ್ಶನ ನಿಗದಿಯಾಯಿತು. ಕನಕಪುರದಿಂದ ಅಕ್ಕನ ಗಂಡ, ನಮ್ಮ ಭಾವ, ನೋಡಲು ಬರುತ್ತಾರೆಂದು ತಿಳಿದದ್ದೇ ತಡ, ನನ್ನ ಪ್ರಯೋಗದ ಹುಮ್ಮಸ್ಸೆಲ್ಲ ಇಳಿದುಹೋಯಿತು. ನವಾಜನಿಗೆ ಹೇಳದೆ ಅವನ ದನಿ ಅಳಿಸಿ, ನನ್ನ ದನಿಯಲ್ಲೇ “ನಂಗೆ ನೀನೇ ಬೇಕು ಕಣಮ್ಮಿ” ಎಂದು ಸೇರಿಸಿದೆ.

ಚಪ್ಪಾಳೆ ಬಿತ್ತು. “ಹುಡ್ಗಿ ಯಾವೂರವ್ಳಪ್ಪ?” ಎಂದು ಭಾವ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನವಾಜ್ ಹೊರಗೆ ಬೈಕಿನ ಪಕ್ಕ ನಿಂತಿದ್ದ. “ನಾವಿಬ್ರೂ ಇದ್ದಿದ್ದೇ ಆ ಒಂದು ಅಕ್ಸರದಲ್ಲಿ ಕಣ್ಲಾ. ಅದ್ನೂ ಅಳಿಸ್ಬುಟ್ಟಲ್ಲ” ಎಂದ. ಆಮೇಲೆ ನನ್ನ ಫೋನ್ ಎತ್ತಲಿಲ್ಲ. ನಾನೂ ಒಂದು ತಿಂಗಳು ಪ್ರಯತ್ನಿಸಿ, ಹೇಡಿಗಳು ಮಾಡುವಂತೆ, ಕಾಲವೇ ಎಲ್ಲ ಸರಿಮಾಡುತ್ತದೆ ಎಂದು ಸುಮ್ಮನಾದೆ.

ಒಂಬತ್ತು ವರ್ಷವಾಯಿತು. ಈಗ ಯಾರೋ ಆ ಚಿತ್ರವನ್ನು ಮತ್ತೆ ತೋರಿಸುತ್ತೇವೆ ಎಂದಿದ್ದಾರೆ. ಅವನ ದನಿ ನನ್ನ ಬಳಿ ಎಲ್ಲೂ ಉಳಿದಿಲ್ಲ. ಅದಕ್ಕೇ ಇವತ್ತು ಅವನ ನೂಲು ತೆಗೆಯುವ ಶೆಡ್ಡಿಗೆ ಹೋದೆ. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ಈ ವಯಸ್ಸಿಗೇ ತಲೆ ಅರ್ಧ ನರೆತಿದೆ.

“ತಪ್ಪೆಲ್ಲ ನಂದೇ. ಆ ಮಾತು ಇನ್ನೊಂದ್ಸಲ ಹೇಳ್ತೀಯೇನ್ಲಾ?” ಎಂದು ಫೋನ್ ಮುಂದೆ ಹಿಡಿದೆ.

ಅವನು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದ. “ಅದೆಲ್ಲ ಈಗ ನನ್ ಬಾಯಿಗೆ ಬರಕ್ಕಿಲ್ಲ ಸಾರ್. ಕೂತ್ಕಳಿ, ಟೀ ತರುಸ್ತೀನಿ.”

ಆ ‘ಸಾರ್’ನಲ್ಲಿ ಕೊಂಕಿರಲಿಲ್ಲ, ಕೋಪವಿರಲಿಲ್ಲ. ಗೂಡು ತರುವ ಅಪರಿಚಿತರಿಗೂ ಅವನು ಹೀಗೇ ಹೇಳುತ್ತಾನೆ. ಟೀ ಕುಡಿದೆ. ಹೊರಗೆ ಬಂದು, ಚಿತ್ರ ತೋರಿಸುವುದು ಬೇಡ ಎಂದು ಕೇಳಿದ್ದವರಿಗೆ ತಿಳಿಸಿದೆ. ಈ ಊರಿನಲ್ಲಿ ನನ್ನನ್ನು ‘ಲಾ’ ಎನ್ನುವವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅವನು ‘ಲಾ’ ಎಂದು ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.