ಬೇಸಿಗೆಯಲ್ಲಿ ಚಳಿಯಾದ ಕಾರು

ಮನುಷ್ಯರಿಗೆ ನಾನು ಸುಳ್ಳು ಹೇಳಿದ್ದುಂಟು. ಎಲ್ಲರ ಹಾಗೆ, ಅಗತ್ಯ ಬಿದ್ದಾಗ. ಆದರೆ ಒಂದು ಕಾರಿಗೆ ಸುಳ್ಳು ಹೇಳಿದವರು ನಮ್ಮ ಕೊಟ್ಟೂರಿನಲ್ಲಿ ಇಬ್ಬರೇ ಇರಬೇಕು. ಒಬ್ಬ ನಾನು, ಇನ್ನೊಬ್ಬ ಮೆಕ್ಯಾನಿಕ್ ಕೊಟ್ರೇಶಿ. ಅದೂ ನಡುಬೇಸಿಗೆಯಲ್ಲಿ ‘ಅಬ್ಬಾ, ಏನು ಚಳಿ!’ ಎಂಬ ಸುಳ್ಳು. ಕಾರು ನಂಬಿಬಿಟ್ಟಿತು. ತೊಂದರೆಯಾದದ್ದು ಅಲ್ಲಿಯೇ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ನಾನು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಕಾರ್ಬೊರೇಟರ್ ಇಲ್ಲದ ಹೊಸ ನಮೂನೆಯ ಇಂಜೆಕ್ಷನ್ ಕಾರು. ಯಾವಾಗ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಒಳಗಿನ ಪುಟ್ಟ ಕಂಪ್ಯೂಟರೇ ತೀರ್ಮಾನಿಸುತ್ತದೆ. ಕೊಟ್ರೇಶಿಯ ಸಂಕಟವೂ ಅದೇ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾರ ಜೀಪು ಕೆಮ್ಮಿದರೂ ಬಾನೆಟ್ಟಿಗೆ ಕಿವಿಗೊಟ್ಟು ರೋಗ ಹೇಳುತ್ತಿದ್ದವನು ಅವನು. ಇಂಜೆಕ್ಷನ್ ಕಾರುಗಳು ಬಂದದ್ದೇ ಬಂದದ್ದು, ಹಳೆಯ ಗಿರಾಕಿಗಳೆಲ್ಲ ಅವನ ಗ್ಯಾರೇಜಿನ ಮುಂದೆಯೇ ಹಾದು ದಾವಣಗೆರೆಗೆ ಹೋಗತೊಡಗಿದರು. ಹೋಗುವಾಗ ಹಾರ್ನ್ ಹೊಡೆದು ಕೈ ಬೇರೆ ಬೀಸುತ್ತಿದ್ದರು.

“ಈ ಗಾಡಿನೂ ನನ್ನ ಕೈಗೆ ಬಗ್ಗತೈತಿ ಅಂತ ಮಂದಿ ನೋಡಬೇಕ್ರಿ ಸಾರ್. ಇಲ್ಲಂದ್ರ ಇನ್ನೆರಡು ವರ್ಷಕ್ಕ ಶಟರ್ ಎಳೆಯೋದ ಐತಿ” ಎಂದ ಒಂದು ದಿನ.

ನಾನು ಸುಮ್ಮನಿರಬೇಕಿತ್ತು. ಆದರೆ ಪಾಠ ಹೇಳುವವರಿಗೆ ಒಂದು ಚಟವಿದೆ. ಎದುರಿಗೆ ಒಬ್ಬ ಸಿಕ್ಕರೂ ಅದು ಕ್ಲಾಸೇ. ನೈಟ್ರಸ್ ಆಕ್ಸೈಡ್ ಎಂಬ ಅನಿಲವಿದೆ, ನಗೆ ಅನಿಲವೆಂದೂ ಕರೆಯುತ್ತಾರೆ, ಆಪರೇಷನ್ ಮಾಡುವಾಗ ನೋವು ಗೊತ್ತಾಗದಂತೆ ಮೂಸಿಸುತ್ತಾರೆ ಎಂದೆ. ಎಂಜಿನ್ನಿನ ಕಾವಿಗೆ ಅದು ಒಡೆದು ಆಮ್ಲಜನಕ ಬಿಡುತ್ತದೆ, ಪೆಟ್ರೋಲ್ ಇನ್ನಷ್ಟು ಜೋರಾಗಿ ಉರಿಯುತ್ತದೆ, ಹೊರದೇಶದಲ್ಲಿ ರೇಸಿನವರು ಹೀಗೆ ಕಾರು ಹಾರಿಸುತ್ತಾರೆ ಎಂದೂ ಹೇಳಿದೆ. ಕೊಟ್ರೇಶಿ ಟೀ ಲೋಟ ಕೆಳಗಿಟ್ಟ. ವಾರದೊಳಗೆ ಹರಪನಹಳ್ಳಿಯಲ್ಲಿ ನರ್ಸಿಂಗ್ ಹೋಮ್ ಮುಚ್ಚಿದ್ದ ಡಾಕ್ಟರೊಬ್ಬರನ್ನು ಹಿಡಿದು, ಮೂಲೆಯಲ್ಲಿ ಬಿದ್ದಿದ್ದ ನೀಲಿ ಸಿಲಿಂಡರ್ ತಂದೇಬಿಟ್ಟ. ಇದನ್ನು ಯಾರ ಕಾರಿಗೆ ಜೋಡಿಸುವುದು ಎಂದು ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೊಟ್ರೇಶಿ ಸಿಲಿಂಡರನ್ನು ಡಿಕ್ಕಿಗೆ ಕಟ್ಟಿ, ಎಂಜಿನ್ನಿಗೆ ಪೈಪು ಎಳೆದು, ಅನಿಲ ಬಿಡಲು ಸ್ಟೇರಿಂಗ್ ಪಕ್ಕ ಒಂದು ಗುಂಡಿ ಕೂರಿಸಿದ. ಆದರೂ ಒಂದು ತೊಡಕಿತ್ತು. ಒಲೆಗೆ ಊದಿದರೆ ಸಾಲದು, ಕಟ್ಟಿಗೆಯನ್ನೂ ನೂಕಬೇಕು. ಅನಿಲ ಬಿಟ್ಟು ಪೆಟ್ರೋಲ್ ಹೆಚ್ಚಿಸದಿದ್ದರೆ ಪಿಸ್ಟನ್ ಕರಗಿ ಹೋದೀತು. ಕಾರ್ಬೊರೇಟರ್ ಆಗಿದ್ದರೆ ಕೊಟ್ರೇಶಿ ಕಣ್ಣು ಮುಚ್ಚಿ ಸರಿಮಾಡುತ್ತಿದ್ದ. ಕಂಪ್ಯೂಟರಿಗೆ ಹೇಳುವವರು ಯಾರು? ನಾಲ್ಕು ದಿನ ತಲೆ ಕೆರೆದುಕೊಂಡ ಮೇಲೆ ಅವನಿಗೆ ಒಂದು ತಂತಿ ಸಿಕ್ಕಿತು. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಎಂದು ಕಂಪ್ಯೂಟರಿಗೆ ವರದಿ ಕೊಡುವ ತಂತಿ. ಎಂಜಿನ್ ತಣ್ಣಗಿದೆ ಎಂದರೆ ಅದು ತಾನಾಗಿಯೇ ಪೆಟ್ರೋಲ್ ಹೆಚ್ಚು ಕೊಡುತ್ತದೆ. ಆ ತಂತಿಯಲ್ಲಿ ಕರೆಂಟಿಗೆ ಅಡ್ಡಿಯಾದಷ್ಟೂ ಎಂಜಿನ್ ತಣ್ಣಗಿದೆ ಎಂಬುದು ಕಂಪ್ಯೂಟರಿನ ಲೆಕ್ಕ. ರೇಡಿಯೊ ರಿಪೇರಿಯವನಿಂದ ಕರೆಂಟು ತಡೆಯುವ, ಜೋಳದ ಕಾಳಿನಷ್ಟು ದೊಡ್ಡ ರೆಸಿಸ್ಟರ್ ತಂದು ಆ ತಂತಿಗೆ ಸೇರಿಸಿದೆವು. ಇನ್ನು ಕಾರಿನ ಪಾಲಿಗೆ ಯಾವಾಗಲೂ ಮಾಗಿಯ ಚಳಿ.

ಕೊಟ್ರೇಶಿಯ ತಾಯಿ ಗಂಗಮ್ಮ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. “ಈ ಬ್ಯಾಸಗ್ಯಾಗ ಚಳಿ ಅಂದ್ರ ಎಮ್ಮಿನೂ ನಂಬಂಗಿಲ್ಲಪ್ಪ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಏನರ ಮಾಡ್ಕೋರಿ. ಪೂಜಿ ಇಲ್ದ ಗಾಡಿ ತೆಗೀಬ್ಯಾಡ್ರಿ. ಕಾಯಿ, ನಿಂಬಿಹಣ್ಣು ನಿಮ್ಮ ಮನಿಯಿಂದ ಬರಬೇಕು, ಗಾಡಿ ನಿಮ್ದು” ಎಂದು ಅಪ್ಪಣೆ ಮಾಡಿದರು.

ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಶಾರದೆಗೆ “ಕಾರು ಸರ್ವೀಸಿಗೆ” ಎಂದಷ್ಟೇ ಹೇಳಿ, ಅಡುಗೆಮನೆಯಿಂದ ಒಂದು ತೆಂಗಿನಕಾಯಿ, ನಾಲ್ಕು ನಿಂಬೆಹಣ್ಣು ಚೀಲಕ್ಕೆ ಹಾಕಿಕೊಂಡು ಹೊರಟೆ.

ಗಂಗಮ್ಮ ಗಾಲಿಗೊಂದು ನಿಂಬೆಹಣ್ಣು ಇಟ್ಟು, ಬಾನೆಟ್ ತೆಗೆಸಿ, ಹೊಸ ಪೈಪಿಗೂ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಪೈಪಿನ ಜಾಯಿಂಟಿನ ಹತ್ತಿರ ಬಂದದ್ದೇ ತಡ, ಮಿಣುಕುತ್ತಿದ್ದ ಕಡ್ಡಿ ಭಗ್ ಎಂದು ಉರಿಯಿತು. ಗಂಗಮ್ಮ ಹಿಂದಕ್ಕೆ ಹಾರಿದರು. “ದೇವ್ರು ಬ್ಯಾಡ ಅಂತಾನ!” ನನಗೆ ನಾಚಿಕೆಯಾಯಿತು. ಈ ಅನಿಲದಲ್ಲಿ ಕೆಂಡದ ಕಡ್ಡಿ ಹಿಡಿದರೆ ಮತ್ತೆ ಹೊತ್ತಿಕೊಳ್ಳುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವನು ನಾನು. ಪಕ್ಕದಲ್ಲೇ ನಿಂತು ಮಂಗಳಾರತಿಗೆ ಕಾಯುತ್ತಿದ್ದೆ. ಕೊಟ್ರೇಶಿ ಮಾತ್ರ ಸ್ಪ್ಯಾನರ್ ತೆಗೆದುಕೊಂಡ. “ಬ್ಯಾಡ ಅಂದಿಲ್ಲಬೇ ಯವ್ವಾ. ಎಲ್ಲಿ ಸೋರತೈತಿ ಅಂತ ತೋರಿಸ್ಯಾನ” ಎಂದು ಜಾಯಿಂಟ್ ಬಿಗಿಮಾಡಿದ.

ಗ್ಯಾರೇಜಿನ ಹತ್ತಿರದ ಟೀ ಅಂಗಡಿಯ ಮುಂದೆ ನೋಡಲು ಹತ್ತಿಪ್ಪತ್ತು ಜನ ಸೇರಿದ್ದರು. ಎಲ್ಲ ಕೈ ಬೀಸಿ ದಾವಣಗೆರೆಗೆ ಹೋದವರೇ. ಕೂಡ್ಲಿಗಿ ರಸ್ತೆಯ ನೇರ ದಾರಿಯಲ್ಲಿ ಕೊಟ್ರೇಶಿ ಗುಂಡಿ ಒತ್ತಿದ. ಬೆನ್ನಿಗೆ ಯಾರೋ ಗುದ್ದಿದ ಹಾಗಾಯಿತು. ನನ್ನ ಕನ್ನಡಕ ಹಣೆಗೆ ಏರಿತು. ಪಕ್ಕದ ಜಾಲಿ ಗಿಡಗಳು ಗೆರೆಯಾದವು. ಇಬ್ಬರೂ ಚಿಕ್ಕ ಹುಡುಗರಂತೆ ಕೂಗಿದೆವು. ಅಷ್ಟು ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಖುಷಿಯಲ್ಲಿ ಇನ್ನೂ ಎರಡು ಸಲ ಓಡಿಸಿದೆವು. ಆಮೇಲೆ ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರ್ ಕುದಿಯುತ್ತಿತ್ತು, ಫ್ಯಾನ್ ಮಾತ್ರ ಅಲ್ಲಾಡುತ್ತಿರಲಿಲ್ಲ. ಅದನ್ನು ತಿರುಗಿಸುವುದೂ ಅದೇ ಕಂಪ್ಯೂಟರು. ಅದಕ್ಕೆ ನಾವು ಚಳಿ ಎಂದು ಹೇಳಿದ್ದೆವು. ಚಳಿಯಲ್ಲಿ ಯಾರಾದರೂ ಫ್ಯಾನ್ ಹಾಕುತ್ತಾರೆಯೇ?

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಅದೇ ಟೀ ಅಂಗಡಿಯ ಮುಂದೆ ಹಾದು ಬಂದೆವು. ಜನ ಈ ಸಲವೂ ಕೈ ಬೀಸಿದರು. ಸ್ಟೇರಿಂಗ್ ಹಿಡಿದ ಕೊಟ್ರೇಶಿ ಹಗ್ಗದ ಮೇಲಿನ ಕಣ್ಣು ತೆಗೆಯಲಿಲ್ಲ. ನನಗೆ ಬೇಸರವಾಯಿತು. ಕಾರಿಗಾಗಿ ಅಲ್ಲ, ಅವನಿಗಾಗಿ. ಪುಣ್ಯಕ್ಕೆ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಸಿಲಿಂಡರ್ ಬಿಚ್ಚಿಟ್ಟು, ಆ ರೆಸಿಸ್ಟರ್ ಹಾಕುವುದು, ತೆಗೆಯುವುದು, ಫ್ಯಾನ್ ನೋಡುವುದು. ಸಂಜೆಯವರೆಗೆ ಅವನು ಅದನ್ನೇ ಮಾಡುತ್ತಿದ್ದ.

ಎರಡು ತಿಂಗಳಾದ ಮೇಲೆ ಹಗರಿಬೊಮ್ಮನಹಳ್ಳಿಯ ವಕೀಲರೊಬ್ಬರ ಕಾರು ದಾವಣಗೆರೆಗೆ ಹೊರಟದ್ದು ಕೊಟ್ರೇಶಿಯ ಗ್ಯಾರೇಜಿನ ಎದುರಿಗೇ ಕುದಿದು ನಿಂತಿತು. ಅಲ್ಲಿ ಆಗಲೇ ಎರಡು ಸಲ ರಿಪೇರಿ ಮಾಡಿಸಿ ಬೇಸತ್ತವರು. ಕೊಟ್ರೇಶಿ ತಿರುಗದ ಫ್ಯಾನ್ ನೋಡಿದ, ನಕ್ಕ. “ನಿಮ್ಮ ಗಾಡಿಗೂ ಯಾರೋ ಚಳಿ ಅಂತ ಹೇಳ್ಯಾರ್ರಿ” ಎಂದು ಸೀದಾ ಆ ತಂತಿಗೆ ಕೈಹಾಕಿದ. ತಂತಿಯ ತುದಿ ಕಿಲುಬು ಹಿಡಿದು, ನಮ್ಮ ರೆಸಿಸ್ಟರಿನ ಹಾಗೆಯೇ ಕರೆಂಟಿಗೆ ಅಡ್ಡಿಯಾಗಿತ್ತು. ಹತ್ತು ನಿಮಿಷದ ಕೆಲಸ. ವಕೀಲರ ಬಾಯಿ ಎಂದರೆ ಕೇಳಬೇಕೆ? ಕೋಗಳಿಯಿಂದ ನೀಲಗುಂದದವರೆಗೆ ಸುದ್ದಿ ಹೋಯಿತು. ಹಾರ್ನ್ ಹೊಡೆದು ಹೋಗುತ್ತಿದ್ದವರು ಬ್ರೇಕ್ ಹಾಕತೊಡಗಿದರು.

ಆ ಖುಷಿಗೆ ಕೊಟ್ರೇಶಿ ಪೇಡೆಯ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದ. ನಾನು ಕಣ್ಸನ್ನೆ ಮಾಡುತ್ತಿದ್ದರೂ ನೋಡದೆ, ಸಿಲಿಂಡರಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಇಡೀ ಕಥೆಯನ್ನು ಶಾರದೆಗೆ ಒಪ್ಪಿಸಿದ. “ಸಾರ್ ಇಲ್ಲದಿದ್ರ ನಾ ಶಟರ್ ಎಳೀತಿದ್ದೆ ಅಕ್ಕಾರ” ಎಂದಾಗ ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಕಣ್ಣು ಗೋಡೆಯ ಕ್ಯಾಲೆಂಡರ್ ಮೇಲಿತ್ತು.

“ನನಗ ಅವತ್ತ ಗೊತ್ತಿತ್ತು ಕೊಟ್ರೇಶಣ್ಣ” ಎಂದಳು ಶಾರದೆ, ಪೇಡೆ ಮುರಿಯುತ್ತ. “ಸರ್ವೀಸಿಗೆ ಹೋಗೋರು ಯಾರರ ಕಾಯಿ, ನಿಂಬಿಹಣ್ಣು ಒಯ್ತಾರೇನು?”

“ಮತ್ತ ಯಾಕ ಸುಮ್ಮನಿದ್ದಿ?” ಎಂದೆ.

“ಬ್ಯಾಡ ಅಂದಿದ್ರ ಬಿಡ್ತಿದ್ರೇನು? ಕಾಯಿ ಒಯ್ಯಾಕತ್ತೀರಿ ಅಂದ್ಮ್ಯಾಲ ದೇವರಿಗಾದ್ರೂ ಹೇಳಿ ಮಾಡ್ತೀರಲ್ಲ ಅಂತ ಸುಮ್ಮನಾದೆ.”

ಅಂದಿನಿಂದ ನಾನು ನಿಜವಾಗಿಯೇ ಸರ್ವೀಸಿಗೆ ಹೊರಟಾಗಲೂ ಶಾರದೆ ಒಳಗಿನಿಂದ ಒಂದು ತೆಂಗಿನಕಾಯಿ ತಂದು ಕೈಗಿಡುತ್ತಾಳೆ. ಬೇಡ ಎನ್ನುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ.